ಹಿತ್ತಲಿಗೊಂದು ಒಲೆ

ಸುವರ್ಣಮ್ಮ ಕದ್ದು ನೋಡುವ ಹೆಂಗಸಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಕಂಪ್ಲಿಯ ಅರ್ಧ ಪೇಟೆ ಜಗಳಕ್ಕೆ ನಿಲ್ಲುತ್ತದೆ. ಆ ಬೆಳಿಗ್ಗೆ ಆಕೆ ಉಪ್ಪಿನ ಡಬ್ಬಿಗೆ ಕೈ ಚಾಚಿದ್ದಳು, ಅಷ್ಟೇ. ಸೊಸೆ ಶೈಲಶ್ರೀ ಅಡುಗೆಕಟ್ಟೆಯ ಮೇಲೆ ಮೊಬೈಲು ಒರಗಿಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಉಪ್ಪಿನ ಡಬ್ಬಿ ಮೊಬೈಲಿನ ಹಿಂದೆಯೇ ಇತ್ತು. ಹೀಗಿರುವಾಗ ಕಣ್ಣು ಬೇರೆಲ್ಲಿಗೆ ಹೋಗಬೇಕು?

ಮೊಬೈಲಿನಲ್ಲಿ ಒಂದು ಒಲೆ ಇತ್ತು. ನಾಲ್ಕು ಕಾಲಿನ ಕಪ್ಪು ಒಲೆ, ಮೇಲೆ ಕಬ್ಬಿಣದ ಜಾಲರಿ. ಶೈಲಶ್ರೀ ಬೆರಳಿನಿಂದ ಸರಿಸಿದಳು, ಇನ್ನೊಂದು ಒಲೆ ಬಂತು. ಅದಕ್ಕೆ ಎರಡು ಗಾಲಿ. ಮತ್ತೆ ಸರಿಸಿದಳು, ಗುಂಡಗಿನದೊಂದು ಬಂತು, ಅದಕ್ಕೆ ಮುಚ್ಚಳ. ಅಷ್ಟರಲ್ಲಿ ಅತ್ತೆಯ ಬಳೆ ಸದ್ದಾಯಿತು. ಸೊಸೆ ಮೊಬೈಲನ್ನು ಥಟ್ಟನೆ ಬೋರಲು ಹಾಕಿದಳು.

“ಏನ್ ಶೈಲಾ ಅದು?”

“ಏನಿಲ್ರಿ ಅತ್ತಿ. ಸುಮ್ನ ನೋಡಾಕತ್ತಿದ್ದೆ.”

ಸುಮ್ಮನೆ ನೋಡುವವರು ಮೊಬೈಲು ಬೋರಲು ಹಾಕುವುದಿಲ್ಲ. ಸುವರ್ಣಮ್ಮ ಸಾರಿಗೆ ಉಪ್ಪು ಹಾಕಿದಳು, ಯೋಚನೆಯಲ್ಲಿ ಇನ್ನೊಮ್ಮೆ ಹಾಕಿದಳು. ಗಂಡ ಚನ್ನಯ್ಯ ಉಂಡು, ಮುಖ ಸೊಟ್ಟಗೆ ಮಾಡಿಕೊಂಡು, ಏನೂ ಅನ್ನದೆ ತನ್ನ ಅಕ್ಕಿ ಅಂಗಡಿಗೆ ಹೋದ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಯಾವಾಗ ಸುಮ್ಮನಿರಬೇಕು ಎಂಬುದನ್ನಾದರೂ ಅವನು ಕಲಿತಿದ್ದ.

ಮಧ್ಯಾಹ್ನ ಶೈಲಶ್ರೀ ಹಿತ್ತಲಲ್ಲಿ ಬಟ್ಟೆ ಹರವುತ್ತ ಗಂಡನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಸುವರ್ಣಮ್ಮನ ಒಬ್ಬನೇ ಮಗ ಬಸವಕುಮಾರ್ ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಈ ಸಲ ಸುವರ್ಣಮ್ಮ ಕದ್ದು ಕೇಳಿದ್ದು ನಿಜ. ಬಚ್ಚಲ ಬಾಗಿಲ ಹಿಂದೆ, ಕೈಯಲ್ಲಿ ಖಾಲಿ ಕೊಡ ಹಿಡಿದು, ಮೈಯೆಲ್ಲ ಕಿವಿಯಾಗಿ ನಿಂತಿದ್ದಳು.

“ಹೂಂರಿ, ಹಿತ್ತಲದಾಗ. ಬೇವಿನ ಗಿಡದ ಕೆಳಗ ಇಟ್ರಾತು. ಸಣ್ಣದ ಸಾಕು, ದೊಡ್ಡದು ಯಾಕ? ಅತ್ತಿಗೆ ಮಾತ್ರ ನೀವ ಹೇಳ್ರಿ. ನಂಗ ಹೆದರಿಕಿ ಆಗ್ತೈತಿ.”

ಸುವರ್ಣಮ್ಮ ಖಾಲಿ ಕೊಡವನ್ನು ಹಾಗೆಯೇ ಹೊತ್ತು ಒಳಗೆ ಬಂದು, ತುಂಬಿದ ಕೊಡ ಇಳಿಸುವವಳ ಹಾಗೆ ಜೋಪಾನವಾಗಿ ಇಳಿಸಿ, ಕೂತುಬಿಟ್ಟಳು.

ಒಂದು ಒಲೆ ಕೊಂಡರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಯಾರಾದರೂ ಕೇಳಬಹುದು. ಕೇಳುವವರು ಆ ಓಣಿಯವರಲ್ಲ. ಒಂದು ಮನೆಯವರು ಕೂಡಿ ಇದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ‘ಒಲಿ ಒಂದ ಐತೋ, ಬ್ಯಾರೆ ಆಗೈತೋ’ ಎಂದೇ ಕೇಳುತ್ತಾರೆ. ಗದ್ದೆ, ಮನೆ, ಅಂಗಡಿ ಪಾಲಾಗುವುದು ಆಮೇಲಿನ ಮಾತು. ಅದಕ್ಕೆ ಹಿರಿಯರು ಕೂಡಬೇಕು, ಕಾಗದ ಆಗಬೇಕು. ಒಲೆಗೆ ಅದೇನೂ ಬೇಡ. ಹಿತ್ತಲಲ್ಲಿ ಒಂದು ಒಲೆ ಹೂಡಿ ಎಸರು ಇಟ್ಟರೆ ಮನೆ ಎರಡಾಯಿತು ಅಂತಲೇ ಲೆಕ್ಕ.

ಸುವರ್ಣಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಅದೇ ಹಿತ್ತಲಲ್ಲಿ, ಅದೇ ಬೇವಿನ ಮರದ ಕೆಳಗೆ, ಮೂರು ಕಲ್ಲು ಇಟ್ಟು ಬೇರೆ ಒಲೆ ಹೂಡಿದವಳು ಆಕೆಯೇ. ಆಗ ಬಸವಕುಮಾರ್ ಕಂಕುಳ ಕೂಸು. ಜಗಳ ಶುರುವಾದದ್ದು ಕೂಸಿನ ಹಾಲಿಗೆ ನೀರು ಬೆರೆಸಿದ್ದು ಯಾರು ಎಂಬ ಮಾತಿಗೆ. ಈಗ ನೆನೆಸಿಕೊಂಡರೆ ನಗು ಬರುವಂಥ ಜಗಳ, ಆದರೆ ಅವತ್ತು ಯಾರೂ ನಕ್ಕಿರಲಿಲ್ಲ. ಅತ್ತೆ ಒಂದಂದರು, ಸೊಸೆ ಎರಡಂದಳು, ಸಂಜೆಯೊಳಗೆ ಮೂರು ಕಲ್ಲು ಬಂದಿದ್ದವು.

ಬೇರೆ ಹೋಗುವವರಿಗೂ ಹಳೆಯ ಒಲೆಯಿಂದ ಕೆಂಡ ಕೊಡುವುದು ಆ ಮನೆತನದ ಪದ್ಧತಿ. ಮನಸ್ಸು ಮುರಿದಿರಲಿ, ಮಾತು ಬಿಟ್ಟಿರಲಿ, ಹಿರಿಯಳಾದವಳು ಕಬ್ಬಿಣದ ಸೌಟಿನಲ್ಲಿ ಎರಡು ಕೆಂಡ ತಂದು ಹೊಸ ಒಲೆಗೆ ಹಾಕಬೇಕು. ಉರಿ ಒಂದೇ ಎಂದು ಅದರ ಅರ್ಥ. ಸುವರ್ಣಮ್ಮ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ, “ಅತ್ತಿ, ಕೆಂಡ ಕೊಡ್ರಿ” ಎಂದು ಕೇಳಿದ್ದಳು. ಅತ್ತೆ ಬಾಗಿಲು ಹಾಕಿಕೊಂಡರು. ಸುವರ್ಣಮ್ಮ ಮೂಲೆಯ ಗೂಡಂಗಡಿಯಿಂದ ಕಡ್ಡಿಪೆಟ್ಟಿಗೆ ತಂದು, ಹೊಗೆಯಲ್ಲಿ ಕೂತು, ಕಣ್ಣೀರು ಹೊಗೆಯದೋ ತನ್ನದೋ ಗೊತ್ತಾಗದ ಹಾಗೆ ಆ ರಾತ್ರಿಯ ಅನ್ನ ಮಾಡಿದ್ದಳು. ಮುಂದೆ ಹಿತ್ತಲಿಗೆ ಗೋಡೆ ಬಂತು. ಆಚೆಯ ಅರ್ಧ ಭಾವನಿಗೆ ಹೋಯಿತು. ಅತ್ತೆ ಅಲ್ಲಿಯೇ ಉಳಿದರು. ಅದಾದ ಮೇಲೆ ಎಂಟು ವರ್ಷ ಬದುಕಿದ್ದರೂ ಈ ಕಡೆ ಬಂದು ಒಂದು ಲೋಟ ನೀರು ಕುಡಿಯಲಿಲ್ಲ. ಆ ನೋವು ಸುವರ್ಣಮ್ಮನಿಗೆ ಇವತ್ತಿಗೂ ಆರಿರಲಿಲ್ಲ.

ಗೋಡೆ ಎದೆಯೆತ್ತರದ್ದು. ಆಚೆ ಓರಗಿತ್ತಿ ಗಂಗಾಂಬಿಕಾ ಇದ್ದಳು, ಭಾವನ ಹೆಂಡತಿ. ಭಾವ ಹೋಗಿ ಐದು ವರ್ಷವಾಗಿತ್ತು. ಓರಗಿತ್ತಿಯರ ನಡುವೆ ಜಗಳವೇನಿರಲಿಲ್ಲ. ಮದುವೆಯಲ್ಲಿ ಸಿಕ್ಕರೆ ‘ಬಂದ್ಯಾ’ ಎಂದರೆ ‘ಬಂದೆ’, ‘ಹೊಂಟ್ಯಾ’ ಎಂದರೆ ‘ಹೊಂಟೆ’. ಆದರೆ ಆ ಗೋಡೆಯ ಮೇಲಿಂದ ಮೂವತ್ತೊಂದು ವರ್ಷದಲ್ಲಿ ಒಂದು ಹಿಡಿ ಸಕ್ಕರೆಯೂ ದಾಟಿರಲಿಲ್ಲ.

ಈಗ ತನ್ನ ಸೊಸೆ ಅದೇ ಮರದ ಕೆಳಗೆ ಒಲೆ ಹೂಡುತ್ತಾಳಂತೆ!

ಮೊದಲು ಸಿಟ್ಟು ಬಂತು. ನಾನೇನು ಕಡಿಮೆ ಮಾಡಿದೆ? ಬಿಸಿ ರೊಟ್ಟಿ ಮೊದಲು ಅವಳಿಗೇ ಹಾಕುತ್ತೇನೆ. ಹಬ್ಬಕ್ಕೆ ತವರಿಗೆ ಹೋಗುತ್ತೇನೆಂದರೆ ಬೇಡ ಅಂದವಳಲ್ಲ. ಒಂದು ದಿನ ಏರಿದ ದನಿಯಲ್ಲಿ ಮಾತಾಡಿದ್ದೇನೆಯೇ? ಆಡಿದ್ದೇನೆ, ಹೋದ ಶ್ರಾವಣದಲ್ಲಿ, ಹೋಳಿಗೆ ಹೂರಣ ಅಡಿ ಹಿಡಿದಾಗ. ಅಷ್ಟಕ್ಕೇ ಬೇರೆ ಹೋಗುತ್ತಾರೆಯೇ? ಹಾಲಿನ ಮಾತಿಗೆ ತಾನು ಹೋಗಿರಲಿಲ್ಲವೇ? ಹೀಗೆ ಸಿಟ್ಟು ಸುತ್ತಿ ಬಳಸಿ ತನ್ನ ಮೇಲೆಯೇ ಬಂದು ಕೂತಿತು.

ಸಂಜೆ ಚನ್ನಯ್ಯನಿಗೆ ಹೇಳಿದಳು. ಅವನು ಅಂಗಿ ಕಳಚುತ್ತ, “ಮಗನ ಬಾಯಿಂದ ಕೇಳಿದಿಯೇನು?” ಎಂದ.

“ಬಾಯಿಂದ ಹೇಳ್ತಾರೇನ್ರಿ? ನಾವು ಹೇಳಿದ್ವೇನು?”

ಚನ್ನಯ್ಯ ಅಂಗಿಯನ್ನು ಮೊಳೆಗೆ ಹಾಕಿ, ಅದು ಬಿದ್ದದ್ದನ್ನೂ ನೋಡದೆ ಕೂತ. “ಹಂಗಾದ್ರ ಏನ್ ಮಾಡೂದು?” ಎಂದು ಸಣ್ಣ ದನಿಯಲ್ಲಿ ಕೇಳಿದ.

“ಹೋಗೋರನ್ನ ಕಟ್ಟಿ ಹಾಕಾಕ ಆಗ್ತೈತೇನು? ಆದ್ರ ನಮ್ಮತ್ತಿ ಮಾಡಿದ್ದು ನಾನು ಮಾಡೂದಿಲ್ಲ. ಒಲಿ ನಾನ ಕೊಡಿಸ್ತೀನಿ. ಚೊಲೋದು, ಗಟ್ಟಿದು. ಕೆಂಡನೂ ನಾನ ಹಾಕ್ತೀನಿ.”

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ದೇವರ ಕೋಣೆಗೆ ಹೋಗಿ, ವಿಭೂತಿ ಗಟ್ಟಿ ಹುಡುಕುವ ನೆಪದಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಭಾನುವಾರ ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಸುವರ್ಣಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದಳು. “ಬಸು, ಹೊಸಪ್ಯಾಟಿಗೆ ಹೋಗೂಣ ನಡಿ. ಒಲಿ ತರೂಣ.”

ಮಗನ ಕೈಯ ಮಂಡಕ್ಕಿ ಒಗ್ಗರಣೆ ಬಾಯಿಯ ಹತ್ತಿರವೇ ನಿಂತಿತು. ಅವನು ಹೆಂಡತಿಯ ಮುಖ ನೋಡಿದ, ಹೆಂಡತಿ ನೆಲ ನೋಡಿದಳು.

“ನಿಂಗ ಹೆಂಗ ಗೊತ್ತಾತು ಬೇ ಅವ್ವ?”

“ಈ ಮನ್ಯಾಗ ಇರೋಳು ನಾನು. ಸಿಟ್ಟಿಲ್ಲ ನಂಗ. ಜಲ್ದಿ ತಯಾರಾಗ್ರಿ.”

ಸಿಟ್ಟಿಲ್ಲ ಎಂದದ್ದಕ್ಕೆ ಶೈಲಶ್ರೀಯ ಮುಖ ಅರಳಿದ್ದನ್ನು ಸುವರ್ಣಮ್ಮ ನೋಡಿದಳು. ಬೇರೆ ಹೋಗುವುದಕ್ಕೆ ಇಷ್ಟು ಸಂತೋಷವೇ ಎಂದುಕೊಂಡಳು. ಚನ್ನಯ್ಯ ಮಾತ್ರ ಅಂಗಡಿಯ ನೆಪ ಹೇಳಿ ಜಾರಿಕೊಂಡ.

ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ಕಮಲಾಪುರದವರೆಗೂ ಮುಂದೆ ತೆವಳುತ್ತಿತ್ತು. ಸುವರ್ಣಮ್ಮ ನಡುವೆ ಕೂತು, ಹೇಳಬೇಕಾದದ್ದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದೆಂದು ಶುರುಮಾಡಿದಳು.

“ಶೈಲಾ, ಉಪ್ಪು ಖಾರ ಎಲ್ಲ ನಮ್ಮ ಡಬ್ಬಿಯಿಂದನ ತಗೊಂಡು ಹೋಗು. ಉಪ್ಪಿನಕಾಯಿ ಭರಣಿ ಒಂದು ನಿಂಗ ಇಟ್ಟೀನಿ.”

“ಭರಣಿ ಯಾಕ್ರಿ ಅತ್ತಿ? ಬೇಕಾದಾಗ ಒಳಗ ಬಂದು ತಗೊಂಡ್ರಾತು.”

“ಹೌದವ್ವ, ಬೇಕಾದಾಗ ಬಾ. ಯಾವ ಹೊತ್ತಿನ್ಯಾಗ ಬಂದ್ರೂ ನಾನು ಬಾಗಿಲ ಹಾಕೂದಿಲ್ಲ.”

ಹೀಗೆ ಹೇಳಿ ಸುವರ್ಣಮ್ಮ ಕಣ್ಣು ಒರೆಸಿಕೊಂಡಳು. ಸೊಸೆ ಪಾಪ, ಕಿಟಕಿಯ ಧೂಳು ಇರಬೇಕೆಂದು ಗಾಜು ಎಳೆದಳು. ಬಸವಕುಮಾರನಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು, ಆದರೆ ಅವ್ವ ಮತ್ತು ಹೆಂಡತಿ ಚೆನ್ನಾಗಿ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವಷ್ಟು ದಡ್ಡ ಅವನಲ್ಲ. ಅಪ್ಪನ ಮಗ.

ತಿಪ್ಪೇಶನ ಅಂಗಡಿ ಹೊಸಪೇಟೆಯ ಮೇನ್ ಬಜಾರಿನ ಹಿಂದಿನ ಗಲ್ಲಿಯಲ್ಲಿತ್ತು. ಹಂಪಿ, ಆನೆಗೊಂದಿ ಕಡೆಯ ಹೋಂಸ್ಟೇಗಳಿಗೆ ಪಾತ್ರೆ, ಒಲೆ, ಕುರ್ಚಿ ಎಲ್ಲ ಅವನೇ ಕೊಡುವವನು. ಬಾಯಿ ಬಡಾಯಿ ಸ್ವಲ್ಪ ಜಾಸ್ತಿ, ಆದರೆ ಸಾಮಾನು ಸುಳ್ಳಲ್ಲ.

“ಬರ್ರಿ ಅಮ್ಮ, ಕುಂದ್ರಿ. ಹೊರಗ ಅಡಿಗಿ ಮಾಡೋ ಗ್ರಿಲ್ ಬೇಕೇನ್ರಿ? ಮಸ್ತ್ ಮಸ್ತ್ ಮಾಡೆಲ್ ಅದಾವು.”

ಮೊದಲು ಒಂದು ಪೆಟ್ಟಿಗೆ ತೆಗೆದ. ಸೂಟ್‌ಕೇಸಿನ ಹಾಗೆ ಮಡಚುವಂಥದ್ದು, ಕಾರಿನಲ್ಲಿಟ್ಟು ತುಂಗಭದ್ರಾ ದಂಡೆಗೆ ಒಯ್ಯಬಹುದಂತೆ. ಪೆಟ್ಟಿಗೆಯ ಮೇಲೆ ಕೆಂಪಗೆ ಬೆಂದ ಕೋಳಿ ಕಾಲಿನ ಚಿತ್ರ ಅಂಗೈಯಗಲ ಇತ್ತು. ಶೈಲಶ್ರೀ ಗಂಡನ ಹಿಂದೆ ಸರಿದಳು. ಲಿಂಗ ಕಟ್ಟಿದ ಮನೆ, ಅತ್ತೆ ಮೊಟ್ಟೆಯ ಚಿತ್ರ ಕಂಡರೂ ಪೇಪರಿನ ಪುಟ ತಿರುಗಿಸುವವಳು. ಸುವರ್ಣಮ್ಮ ಆ ಕೋಳಿಯನ್ನು ಒಮ್ಮೆ ನೋಡಿದಳು, ಸೊಸೆಯನ್ನು ಒಮ್ಮೆ ನೋಡಿದಳು. ಇನ್ನು ಅವರ ಒಲೆ, ಅವರ ಮನಸ್ಸು ಎಂದುಕೊಂಡಳು.

“ಪೆಟಿಗಿ ಇಲ್ಲೇ ಇಟ್ಕೋರಿ. ಒಲಿ ಅಷ್ಟ ತೋರಿಸ್ರಿ,” ಎಂದಳು.

ಒಲೆ ಕೈಗೆ ಬಂದ ಕೂಡಲೇ ಆಕೆಯ ದುಃಖ ಅರ್ಧ ಹಿಂದೆ ಸರಿಯಿತು. ಒಲೆಯ ವಿಷಯದಲ್ಲಿ ಆಕೆಗೆ ಮೋಸ ಮಾಡುವವನು ಇನ್ನೂ ಹುಟ್ಟಬೇಕು. ಬೆರಳಗೆಣ್ಣಿನಿಂದ ಟಕಟಕ ಬಡಿದಳು. “ಇದು ಡಬ್ಬಿ ತಗಡು. ನಾಲ್ಕು ಸಲ ಕೆಂಡ ಹಾಕಿದ್ರ ಸೊಟ್ಟ ಆಗ್ತೈತಿ. ಮುಂದಿಂದು?”

ಮುಂದಿನದು ಗುಂಡಗಿನದು, ಮುಚ್ಚಳದ್ದು. ಚಂದವಿತ್ತು, ಹೊಳೆಯುತ್ತಿತ್ತು. ಸುವರ್ಣಮ್ಮ ಮುಚ್ಚಳ ತೆಗೆದು ಒಳಗೆ ಕೈಯಿಟ್ಟು ನೋಡಿ, “ಜಾಲರಿ ಕೆಂಡಕ್ಕ ಭಾಳ ದೂರ ಆತು. ರೊಟ್ಟಿ ಸುಟ್ರ ಒಣಗ್ತೈತಿ, ಬೇಯೂದಿಲ್ಲ” ಎಂದಳು. ಗ್ಯಾಸಿನದನ್ನು ತಿಪ್ಪೇಶ ತೋರಿಸುವುದಕ್ಕೆ ಮೊದಲೇ ಬೇಡ ಎಂದಳು. ಗ್ಯಾಸು ಒಳಗೇ ಇದೆಯಲ್ಲ, ಹೊರಗೆ ಬಂದು ಅದನ್ನೇ ಹಚ್ಚುವುದಾದರೆ ಬರುವುದೇಕೆ? ಮಾತಿನಲ್ಲಿ ಸತ್ಯವಿತ್ತು, ತಿಪ್ಪೇಶನೂ ತಲೆದೂಗಿದ.

ಕೊನೆಗೆ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಒಂದು ಉದ್ದನೆಯದು ಕಂಡಿತು. ಹೊಳಪು ಗಿಳಪು ಇಲ್ಲ. ಸಂಡೂರು ರಸ್ತೆಯ ವೆಲ್ಡಿಂಗ್ ಶೆಡ್ಡಿನಲ್ಲಿ ದಪ್ಪ ಶೀಟು ಬಗ್ಗಿಸಿ ಮಾಡಿಸಿದ್ದು. ನಾಲ್ಕು ಕಾಲು, ಬಿಚ್ಚಿ ಹಾಕುವಂಥವು. ಕೆಳಗೆ ಸಾಲಾಗಿ ತೂತು, ಅದರ ಕೆಳಗೆ ಬೂದಿ ಬೀಳುವ ತಟ್ಟೆ, ಎಳೆದು ಚೆಲ್ಲಬಹುದು. ಜಾಲರಿಯನ್ನು ಮೇಲೆ ಕೆಳಗೆ ಮಾಡಲು ಎರಡು ಕಡೆ ಮೂರು ಮೂರು ಕೊಕ್ಕೆ. ಬಸವಕುಮಾರ್ ಅಂಚು ಮುಟ್ಟಿ, “ಮೂರು ಎಂಎಂ ಪ್ಲೇಟ್ ಐತಿ ಬೇ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಏನಾಗೂದಿಲ್ಲ” ಎಂದ. ಸುವರ್ಣಮ್ಮ ಬಡಿದಳು. ಸದ್ದು ಗಂಭೀರವಾಗಿ ಬಂತು. ಬೂದಿ ತಟ್ಟೆ ಎಳೆದಳು, ನೂಕಿದಳು. ಗಾಳಿ ಯಾವ ಕಡೆಯಿಂದ ಬಂದರೆ ಯಾವ ತೂತು ಮುಚ್ಚಬೇಕು ಎಂದು ತಿಪ್ಪೇಶನಿಗೇ ಹೇಳಿಕೊಟ್ಟಳು.

“ಇದನ್ನ ಕೊಡ್ರಿ.”

“ಇದು ಭಾಳ ದೊಡ್ಡದು ಅಮ್ಮ, ರೆಸಾರ್ಟಿನವರು ಒಯ್ಯೋದು. ನಿಮಗ ಎಷ್ಟು ಮಂದಿಗೆ ಬೇಕಿತ್ರಿ?”

“ಈಗ ಇಬ್ಬರಿಗೆ,” ಎಂದಳು ಸುವರ್ಣಮ್ಮ. “ನಾಳೆ ಮಕ್ಕಳು ಮರಿ ಆಗ್ತಾವು, ಬೀಗರು ಬರ್ತಾರ. ಇವರು ಬ್ಯಾರೆ ಹೋದ ಮ್ಯಾಲೆ ಮತ್ತ ಮತ್ತ ಒಲಿ ತಗೊಳ್ಳಾಕ ಆಗ್ತೈತೇನು? ದೊಡ್ಡದ ಇರ್ಲಿ.”

ಬಸವಕುಮಾರ್ ಒಲೆಯ ಅಂಚಿನಿಂದ ಕೈ ತೆಗೆದ.

“ಯಾರು ಬೇ ಬ್ಯಾರೆ ಹೋಗೋರು?” ಎಂದ ಬಸವಕುಮಾರ್.

“ನೀವು.”

“ನಾವ್ಯಾಕ ಹೋಗೂಣ್ರಿ ಅತ್ತಿ?” ಶೈಲಶ್ರೀಯ ದನಿ ಅಳುವ ಹಾಗಾಗಿತ್ತು. “ಏನ್ ತಪ್ಪು ಮಾಡಿದ್ವಿ ಅಂತ ಹೊರಗ ಹಾಕ್ತೀರಿ?”

“ನಾನೆಲ್ಲಿ ಹಾಕೀನಿ? ನೀನ ಅಲ್ಲೇನು, ಬೇವಿನ ಗಿಡದ ಕೆಳಗ ಒಲಿ ಹೂಡ್ತೀನಿ, ಸಣ್ಣದ ಸಾಕು, ಅತ್ತಿಗೆ ಹೇಳಾಕ ಹೆದರಿಕಿ ಅಂದೋಳು?”

ತಿಪ್ಪೇಶ ಲೋಕ ಕಂಡವನು. ಗೋಡೌನಿನಲ್ಲಿ ಏನೋ ನೋಡುವುದಿದೆ ಎಂದು ಎದ್ದು ಹೋದ. ಸುವರ್ಣಮ್ಮ ಪ್ರೆಶರ್ ಕುಕ್ಕರಿನ ಪೆಟ್ಟಿಗೆಯ ಮೇಲೆ ಕೂತಳು. ಸೊಸೆ ಆಕೆಯ ಮುಂದೆ ನೆಲದ ಮೇಲೆಯೇ ಕೂತಳು.

“ಹೆದರಿಕಿ ಯಾಕಂದ್ರ, ಇದು ಮಾಂಸ ಸುಡೋ ಒಲಿ, ನಮ್ಮ ಹಿತ್ತಲಕ್ಕ ಬ್ಯಾಡ ಅಂತ ನೀವು ಬೈತೀರಿ ಅಂತ. ನಂಗ ಬೇಕಾಗಿದ್ದು ಸೀತನಿ ಸುಡಾಕ್ರಿ ಅತ್ತಿ.”

ಶೈಲಶ್ರೀಯ ತವರು ಸಂಡೂರು ತಾಲ್ಲೂಕಿನ ವಡ್ಡು. ಕಂಪ್ಲಿಯಲ್ಲಿ ಕಾಲುವೆ ನೀರು, ಭತ್ತ, ಕಬ್ಬು. ವಡ್ಡಿನಲ್ಲಿ ಅವಳಪ್ಪನದು ಮಳೆ ನಂಬಿದ ಜೋಳದ ಹೊಲ. ಜೋಳದ ತೆನೆ ಇನ್ನೂ ಹಸಿಯಾಗಿ, ಕಾಳು ಹಿಚುಕಿದರೆ ಹಾಲು ಬರುವಾಗ, ಕೊಯ್ದು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನುವುದೇ ಸೀತನಿ. ವರ್ಷಕ್ಕೆ ಎರಡೋ ಮೂರೋ ವಾರ ಅದರ ಭಾಗ್ಯ.

“ನಮ್ಮನ್ಯಾಗೂ ಅವ್ವ ಕಡೀಕ ಉಣ್ಣೋದು. ಆದ್ರ ಸೀತನಿ ದಿನ ಹಂಗಲ್ರಿ. ಎಲ್ಲಾರೂ ಕೆಂಡದ ಸುತ್ತ ಕುಂದ್ರತಿದ್ವಿ. ಯಾರೂ ಯಾರಿಗೂ ಬಡಿಸಂಗಿಲ್ಲ. ಅವ್ವನೂ ಬಿಸೀದು ತಿಂತಿದ್ಲು, ನಗ್ತಿದ್ಲು. ನಾನು ನಿಮ್ಮನಿಗೆ ಬಂದು ಮೂರು ವರ್ಷ ಆತು. ನೀವು ಉಣ್ಣೂದನ್ನ ನಾನು ಒಮ್ಮೆನೂ ಸರಿಯಾಗಿ ನೋಡಿಲ್ಲ. ಮಾವಗ ಹಾಕ್ತೀರಿ, ಇವರಿಗೆ ಹಾಕ್ತೀರಿ, ನಂಗ ಬಿಸಿ ರೊಟ್ಟಿ ಹಾಕ್ತೀರಿ. ನಾನು ಕೈ ತೊಳ್ಕೊಂಡು ಬರೂದ್ರಾಗ ನೀವು ನಿಂತು ಆರಿದ್ದು ತಿಂದು ಮುಗಿಸಿರ್ತೀರಿ. ಅದಕ್ಕ ಹೊರಗ ಒಂದು ಒಲಿ ಇದ್ರ ನಾವು ನಾಲ್ಕೂ ಮಂದಿ ಕೂಡಿ ಕುಂದ್ರಬಹುದು ಅಂದ್ಕೊಂಡೆ. ಅಷ್ಟ.”

ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋದ ರಭಸಕ್ಕೆ ಸುವರ್ಣಮ್ಮನಿಗೆ ತಲೆ ತಿರುಗುತ್ತಿತ್ತು. ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ನಗುವಾಗಲೇ ಅಳು ಬಂತು. ಸೊಸೆಯ ಗಲ್ಲ ಹಿಡಿದು, “ಹುಚ್ಚು ಹುಡುಗಿ, ಮೊದಲ ಹೇಳಬಾರದೇನು? ನಾಲ್ಕು ದಿನ ನಾನು ಸತ್ತು ಸತ್ತು ಬದುಕೀನಿ” ಎಂದಳು.

ತಿಪ್ಪೇಶ ಗಂಟಲು ಸರಿಪಡಿಸಿಕೊಂಡು ಒಳಗೆ ಬಂದ. “ಹಂಗಾದ್ರ ನಾಲ್ಕು ಮಂದೀದು, ಸಣ್ಣದು ಕೊಡ್ಲೇನ್ರಿ ಅಮ್ಮ?”

ಸುವರ್ಣಮ್ಮ ಉದ್ದನೆಯ ಒಲೆಯ ಮೇಲೆ ಕೈಯಾಡಿಸಿದಳು. “ಬ್ಯಾಡ. ಇದನ್ನ ಕೊಡ್ರಿ. ನಾಲ್ಕು ಮಂದಿಗಷ್ಟ ಅಂತ ಯಾಕ ಅಳತಿ ಮಾಡೂದು?”

ಕಾಲು ಬಿಚ್ಚಿ, ಜಾಲರಿ ಬೇರೆ ಕಟ್ಟಿ, ಒಲೆಯನ್ನು ಬಸ್ಸಿಗೆ ಏರಿಸುವಾಗ ಕಂಡಕ್ಟರು, “ಇದೇನಮ್ಮ, ಹೆಲಿಕಾಪ್ಟರ್ ಬಿಡಿಭಾಗನೇನು?” ಎಂದ. “ಒಲಿ ಕಣಪ್ಪ. ನಮ್ಮನಿ ಒಲಿ” ಎಂದಳು ಸುವರ್ಣಮ್ಮ. ಆ ‘ನಮ್ಮನಿ’ ಎಂಬುದನ್ನು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ್ದು ಬೇಕಂತಲೇ.

ಮುಂದಿನ ಭಾನುವಾರ ವಡ್ಡಿನಿಂದ ಶೈಲಶ್ರೀಯ ಅಣ್ಣ ಒಂದು ಚೀಲ ಹಸಿ ತೆನೆ ಕಳಿಸಿದ. ಸಂಜೆ ಐದಕ್ಕೆ ಬೇವಿನ ಮರದ ಕೆಳಗೆ ಒಲೆ ನಿಂತಿತು, ನಾಲ್ಕು ಕಡೆ ವಿಭೂತಿ ಹಚ್ಚಿಸಿಕೊಂಡು. ಚನ್ನಯ್ಯ ಅವತ್ತು ಅಂಗಡಿ ಬೇಗ ಮುಚ್ಚಿ ಬಂದಿದ್ದ. ಗೆಣಸು, ಬದನೆಕಾಯಿ, ಮೆಣಸಿನಕಾಯಿ ಒಂದು ಬುಟ್ಟಿಯಲ್ಲಿ, ತೆನೆ ಒಂದು ಬುಟ್ಟಿಯಲ್ಲಿ. ಎಲ್ಲ ತಯಾರಿತ್ತು, ಉರಿಯೊಂದು ಬಿಟ್ಟು.

ಇದ್ದಿಲು ಹತ್ತಲೇ ಇಲ್ಲ. ದಿನವಿಡೀ ಕುಲುಮೆಯ ಪಕ್ಕ ನಿಂತು, ಕರಗಿದ ಕಬ್ಬಿಣ ಹೊಳೆಯಾಗಿ ಹರಿಯುವುದನ್ನು ನೋಡುವ ಬಸವಕುಮಾರನಿಗೆ ಒಂದು ಬುಟ್ಟಿ ಇದ್ದಿಲು ಹೊತ್ತಿಸಲು ಬರಲಿಲ್ಲ. ಪೇಪರು ಹಾಕಿದ, ಅದು ಉರಿದು ಹಾರಿ ಚನ್ನಯ್ಯನ ತಲೆಯ ಮೇಲೆ ಕೂತಿತು. ಕರ್ಪೂರ ಹಾಕಿದ, ಹಿತ್ತಲೆಲ್ಲ ಗುಡಿಯ ವಾಸನೆ. ಕೊಬ್ಬರಿ ಎಣ್ಣೆ ಸುರಿದ, ಬರೀ ಹೊಗೆ. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾಯಿತು. “ನಿಮ್ಮ ಕಾರ್ಖಾನಿ ಹೆಂಗ ನಡಿತೈತೋ ದೇವರಿಗೆ ಗೊತ್ತು” ಎಂದ ಚನ್ನಯ್ಯ.

ಸುವರ್ಣಮ್ಮ ಕಡ್ಡಿಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು. ಅವತ್ತೂ ಇದೇ ಜಾಗ, ಇದೇ ಕಡ್ಡಿಪೆಟ್ಟಿಗೆ, ಇದೇ ಹೊಗೆ. ಕೆಂಡ ನಾನೇ ಹಾಕುತ್ತೇನೆ ಎಂದು ಗಂಡನ ಮುಂದೆ ಹೇಳಿದ್ದಳಲ್ಲ, ಆದರೆ ಹಾಕಲು ಅವಳ ಮನೆಯಲ್ಲಿ ಕೆಂಡವೇ ಇರಲಿಲ್ಲ. ಒಳಗೆ ಗ್ಯಾಸು, ಮಾಳಿಗೆಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರು. ಕಂಪ್ಲಿಯಲ್ಲಿ ಈಗ ಯಾರ ಮನೆಯಲ್ಲಿ ಕೆಂಡವಿದೆ?

ಗೋಡೆಯ ಆಚೆ ಇತ್ತು. ಗಂಗಾಂಬಿಕಾ ಇವತ್ತಿಗೂ ಜಾಲಿ ಕಟ್ಟಿಗೆ ಹಾಕಿ ನೀರೊಲೆ ಉರಿಸುವವಳು. ಸೋಲಾರು ನೀರಿಗೆ ಮೈ ಹಗುರಾಗುವುದಿಲ್ಲ ಎಂಬುದು ಅವಳ ವಾದ. ಆ ಒಲೆಯ ಹೊಗೆ ಗೋಡೆಯ ಮೇಲಿಂದ ತೇಲಿ ಬರುತ್ತಿತ್ತು. ದಿನಾ ಬರುತ್ತಿತ್ತು, ಇವತ್ತು ಸುವರ್ಣಮ್ಮನ ಮೂಗಿಗೆ ತಾಕಿತು.

ಕಬ್ಬಿಣದ ಸೌಟು ಹಿಡಿದು ಗೋಡೆಯ ಹತ್ತಿರ ಹೋದಳು. ಐವತ್ತೆಂಟು ವರ್ಷದ ಹೆಂಗಸು, ಇಪ್ಪತ್ತೇಳರ ಸೊಸೆಯ ಹಾಗೆ ನಿಂತಳು.

“ಅಕ್ಕಾ.”

ಗಂಗಾಂಬಿಕಾ ನೀರೊಲೆಯ ಮುಂದಿನಿಂದ ತಲೆಯೆತ್ತಿದಳು.

“ಅಕ್ಕಾ, ಎರಡು ಕೆಂಡ ಕೊಡ್ತಿಯೇನು?”

ಗಂಗಾಂಬಿಕಾ ಎದ್ದಳು. ಗೋಡೆಯ ತನಕ ಬಂದು, ಸುವರ್ಣಮ್ಮನ ಕೈಯ ಸೌಟು ತೆಗೆದುಕೊಂಡು ಹಿಂದೆ ಹೋದಳು. ಒಲೆಯ ಒಳಗಿಂದ ಆರಿಸಿ ಆರಿಸಿ, ಬೂದಿ ಕೊಡವಿ, ಕೆಂಪಗಿನವೇ ನಾಲ್ಕು ಕೆಂಡ ಸೌಟಿಗೆ ಹಾಕಿಕೊಂಡು ಬಂದಳು. ಗೋಡೆಯ ಮೇಲಿಂದ ಕೊಡುವಾಗ ಸೌಟು ಬಿಡಲಿಲ್ಲ.

“ಸುವರ್ಣ, ಅವತ್ತೂ ತಂದಿದ್ದೆ,” ಎಂದಳು. “ಅತ್ತಿ ಬಾಗಿಲ ಹಾಕ್ಕೊಂಡು ದೇವರ ಮುಂದ ಕುಂತ್ರು. ನಾನು ಸೌಟಿನ್ಯಾಗ ಕೆಂಡ ಹಾಕ್ಕೊಂಡು ಹಿತ್ತಲ ಬಾಗಿಲ ತನಕ ಬಂದೆ. ಅತ್ತಿ ಕೆಮ್ಮಿದ್ದು ಕೇಳಿಸ್ತು. ಧೈರ್ಯ ಆಗ್ಲಿಲ್ಲ. ಬಾಗಿಲದಾಗ ನಿಂತೆ, ನಿಂತೆ, ಕೆಂಡ ಆರಿ ಬೂದಿ ಆದ್ವು. ನೀನು ಕಡ್ಡಿ ಗೀರಿದ ಸದ್ದು ಕೇಳಿ ಒಳಗ ಹೋದೆ.”

ಸುವರ್ಣಮ್ಮ ಮೂವತ್ತೊಂದು ವರ್ಷ ಆ ಬಾಗಿಲ ಹಿಂದೆ ಯಾರೂ ಇರಲಿಲ್ಲ ಅಂದುಕೊಂಡಿದ್ದಳು. ಇದ್ದರು.

“ಇವು ಆರೂದ್ರಾಗ ಒಯ್ಯಿ,” ಎಂದು ಗಂಗಾಂಬಿಕಾ ಸೌಟು ಬಿಟ್ಟಳು.

“ನಾನೊಬ್ಬಾಕೀನ ಒಯ್ಯೂದಿಲ್ಲ. ನೀನು ಬಂದು ಹಾಕು. ಹಿರಿಯಾಕಿ ನೀನು.”

ಬಸವಕುಮಾರ್ ಮುಂಬಾಗಿಲಿನಿಂದ ಸುತ್ತಿ ಹೋಗಿ ದೊಡ್ಡವ್ವನನ್ನು ಕರೆತರುವಷ್ಟರಲ್ಲಿ ಸುವರ್ಣಮ್ಮ ಸೌಟನ್ನು ಊದುತ್ತ, ಕೆಂಡ ಆರದಂತೆ ಕಾದುಕೊಂಡಿದ್ದಳು. ಗಂಗಾಂಬಿಕಾ ಹೊಸ ಒಲೆಯನ್ನು ಒಮ್ಮೆ ಸುತ್ತಿ ನೋಡಿ, “ಎಷ್ಟು ಉದ್ದ ಐತಲೇ ಇದು, ಯಾರ ಮದಿವಿ?” ಎಂದಳು. ಆಮೇಲೆ ನಾಲ್ಕು ಕೆಂಡವನ್ನೂ ಇದ್ದಿಲಿನ ನಡುವೆ ಹುಗಿದು, ಬೀಸಣಿಗೆ ಕೇಳಿದಳು. ಶೈಲಶ್ರೀ ಕೊಟ್ಟಳು. ಹತ್ತು ನಿಮಿಷಕ್ಕೆ ಒಲೆ ಈ ತುದಿಯಿಂದ ಆ ತುದಿಯವರೆಗೆ ಕೆಂಪಾಯಿತು.

ತೆನೆ ಚಟಪಟ ಎನ್ನುವಾಗ ಸುವರ್ಣಮ್ಮ ಅಭ್ಯಾಸಬಲದಿಂದ ತಟ್ಟೆ ತರಲು ಎದ್ದಳು. ಶೈಲಶ್ರೀ ಆಕೆಯ ಸೆರಗು ಹಿಡಿದು ಜಗ್ಗಿದಳು. “ಕುಂದ್ರಿ ಅತ್ತಿ. ಇವತ್ತ ಯಾರೂ ಬಡಿಸಂಗಿಲ್ಲ.”

“ನಿಮ್ಮ ಮಾವಗ ಒಂದು...”

“ಮಾವಗ ಕೈ ಅದಾವು,” ಎಂದಳು ಗಂಗಾಂಬಿಕಾ. ಚನ್ನಯ್ಯ ತನ್ನ ಕೈಗಳನ್ನು ಮೊದಲ ಸಲ ನೋಡಿದವನ ಹಾಗೆ ನೋಡಿಕೊಂಡು, ಒಂದು ತೆನೆ ತೆಗೆದು, ಬೆರಳು ಸುಟ್ಟುಕೊಂಡ.

ಸುವರ್ಣಮ್ಮ ಕೂತಳು. ಸೊಸೆ ಬಡಿದು ಕೊಟ್ಟ ಕಾಳು ಅಂಗೈಯಲ್ಲಿ ಸುಡುತ್ತಿತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಬಿಸಿಯಾಗಿತ್ತು, ಸಿಹಿಯಾಗಿತ್ತು, ಸ್ವಲ್ಪ ಹೊಗೆ ಹೊಗೆಯಾಗಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾಗಿ, “ಏನ್ ನೋಡ್ತೀರಿ? ತಿನ್ರಿ” ಎಂದು ಗದರಿದಳು. ಮತ್ತೊಂದು ಹಿಡಿಗೆ ಕೈ ಚಾಚಿದಳು.